ಬಿಚ್ಚಿದ ಮಡಿಕೆ

ಗುಬ್ಬಿಯ ಯೂನಿಫಾರ್ಮ್ ಚಡ್ಡಿಯ ಮಡಿಕೆಯನ್ನು ಅವನಮ್ಮ ಮೂರನೇ ಸಲ ಬಿಚ್ಚಿದ್ದು ಶಾಲೆ ಶುರುವಾದ ನಾಲ್ಕನೇ ತಿಂಗಳಲ್ಲಿ. ಅದಾದ ಮೇಲೆ ಬಿಚ್ಚಲು ಬಟ್ಟೆಯೇ ಉಳಿಯಲಿಲ್ಲ.

ಅವಳು ಹೊಲಿಗೆಯವಳು. ಮುಂದಿನ ಕೋಣೆಯಲ್ಲಿ ಮಷಿನ್ನು, ಕಿಟಕಿಯ ಸರಳಿಗೆ ಕಟ್ಟಿದ ಒಂದು ಬೋರ್ಡು, ಓಣಿಗೆಲ್ಲ ಟೈಲರಮ್ಮ. ಶಾಲೆ ಮಕ್ಕಳ ಬಟ್ಟೆ ಹೊಲಿಯುವಾಗ ಅಂಚಿನಲ್ಲಿ ಎರಡು ಬೆರಳಗಲ ಬಟ್ಟೆಯನ್ನು ಒಳಗೆ ಮಡಚಿಡುವುದು ಅವಳ ಪದ್ಧತಿ. ಮಗು ಬೆಳೆದಂತೆ ಸ್ವಲ್ಪ ಸ್ವಲ್ಪವೇ ಬಿಚ್ಚುತ್ತ ಹೋದರೆ ಒಂದೂವರೆ ವರ್ಷ ನಿಶ್ಚಿಂತೆ. ಟೈಲರಮ್ಮನ ಚಡ್ಡಿ ಹರಿದರೂ ಗಿಡ್ಡವಾಗುವುದಿಲ್ಲ ಎಂದು ತಾಯಂದಿರು ಹುಡುಕಿಕೊಂಡು ಬರುತ್ತಿದ್ದುದು ಅದಕ್ಕೇ. ಈಗ ಅವಳ ಹೊಟ್ಟೆಯಲ್ಲಿ ಹುಟ್ಟಿದವನೇ, ಐದು ತುಂಬಿ ಇನ್ನೂ ಆರು ತಿಂಗಳಾಗದ ಹುಡುಗ, ಅವಳ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿದ್ದ.

"ಅತ್ತೆ, ಇದು ಯಾಕೋ ಸರಿ ಕಾಣ್ತಿಲ್ಲ" ಎಂದಳು, ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ.

"ಬೆಳೆದ್ರೂ ಸರಿ ಇಲ್ವಾ? ಬೆಳೀದೆ ಇದ್ದಿದ್ರೆ ಅದಕ್ಕೂ ಅಳ್ತಿದ್ದೆ" ಎಂದರು ಅಜ್ಜಿ, ಮೊಟ್ಟೆಯ ಸಿಪ್ಪೆ ಸುಲಿಯುತ್ತ.

"ತೊಡೆ ಹತ್ರದ ಹೊಲಿಗೆನೂ ಬಿಚ್ಚಿದೀನಿ."

"ದಿನಾ ಎರಡು ಮೊಟ್ಟೆ ತಿನ್ನಿಸ್ತೀನಿ. ಅದೆಲ್ಲ ಎಲ್ಲಿಗೆ ಹೋಗಬೇಕು ಹೇಳು?"

ಊಟಕ್ಕೆ ಕೂತಿದ್ದ ಮನೆ ಯಜಮಾನ ತಟ್ಟೆಯಿಂದ ತಲೆ ಎತ್ತದೆ ನಕ್ಕ. ಯಾರ ಮಗ ಅಂದುಕೊಂಡಿದೀರಿ ಎಂಬ ನಗು ಅದು. ಅವನನ್ನು ಎಲ್ಲರೂ ಕರೆಯುವುದು ಬೀರು ಎಂದು. ಮನೆ ಬದಲಿಸುವವರ ಸಾಮಾನು ಸಾಗಿಸುವ ಕಂಪನಿಯಲ್ಲಿ ಹತ್ತೊಂಬತ್ತು ವರ್ಷದಿಂದ ಹಮಾಲಿ. ಬಟ್ಟೆಬರೆ ಇಡುವ ಕಬ್ಬಿಣದ ಬೀರುವನ್ನು ಪಟ್ಟಿ ಕಟ್ಟಿ ಬೆನ್ನಿಗೇರಿಸಿಕೊಂಡು ಒಬ್ಬನೇ ಮೂರು ಮಹಡಿ ಹತ್ತುತ್ತಿದ್ದ. ಆ ಹೆಸರು ಹಾಗೆ ಅಂಟಿಕೊಂಡದ್ದು, ಆಮೇಲೆ ಹೆಂಡತಿ ಮತ್ತು ತಾಯಿಯನ್ನು ಬಿಟ್ಟು ಯಾರಿಗೂ ಅವನ ನಿಜವಾದ ಹೆಸರು ಬೇಕಾಗಲಿಲ್ಲ.

ಆದರೆ ಹೋದ ಬೇಸಿಗೆಯ ಹೊತ್ತಿಗೆ ಬೀರುವಿಗೆ ನಲವತ್ತೇಳು. ಒಂದು ದಿನ ಎರಡನೇ ಮಹಡಿಯ ತಿರುವಿನಲ್ಲಿ ಕಾಲು ನಡುಗಿ ಬೆನ್ನಮೇಲಿನದನ್ನು ಗೋಡೆಗೆ ಒರಗಿಸಿ ನಿಂತುಬಿಟ್ಟ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಹಿಂದೆ ಬರುತ್ತಿದ್ದ ಹೊಸ ಆಳುಗಳು ಏನೂ ಅನ್ನಲಿಲ್ಲ. ಏನೂ ಅನ್ನದಿದ್ದುದೇ ಅವನಿಗೆ ಚುಚ್ಚಿತು. ಸಂಜೆ ಮಾಲೀಕರ ಮಗ ಹೆಗಲಮೇಲೆ ಕೈಯಿಟ್ಟು, ಅಣ್ಣ, ಬೇಕಾದ್ರೆ ಪ್ಯಾಕಿಂಗ್ ಕಡೆ ಬಂದುಬಿಡಿ, ಕೂತು ಮಾಡೋ ಕೆಲಸ ಎಂದ. ಪ್ಯಾಕಿಂಗ್ ಎಂದರೆ ಲೋಟ ತಟ್ಟೆಗಳಿಗೆ ಹಳೇ ಪೇಪರ್ ಸುತ್ತಿ ಡಬ್ಬಕ್ಕೆ ತುಂಬುವುದು. ಕೂಲಿ ಅರ್ಧ. ಅದಕ್ಕಿಂತ ಹೆಚ್ಚಾಗಿ, ಬೀರು ಲೋಟ ಸುತ್ತುತ್ತ ಕೂರುವುದೆಂದರೇನು!

ಮರುದಿನವೇ ಅವನು ವ್ಯಾಯಾಮಶಾಲೆಯ ಕೆಳಗಿನ ಡಬ್ಬದಂಗಡಿಗೆ ಹೋದ. ಗೋಡೆ ತುಂಬ ಪುಡಿಯ ಡಬ್ಬಗಳು, ಡಬ್ಬದ ಮೇಲೆಲ್ಲ ತಲೆಯೇ ಇಲ್ಲದ ತೋಳುಗಳ ಚಿತ್ರ. ನಲವತ್ತು ದಾಟಿದ ಮೇಲೆ ಗಂಡಸಿನ ರಕ್ತದಲ್ಲಿರುವ ಶಕ್ತಿ ಇಳಿಯುತ್ತದೆ, ಅದನ್ನು ಮತ್ತೆ ತುಂಬಬೇಕು ಎಂದ ಅಂಗಡಿಯವನು. ಡಾಕ್ಟರಿಗೆ ತೋರಿಸಿ ತಗೊಳ್ಳೋದಾ ಎಂದು ಬೀರು ಕೇಳಿದ್ದು ನಿಜ. ಅಷ್ಟು ವಿವೇಕ ಅವನಿಗಿತ್ತು.

"ನಿಮಗೆ ಏನಾದ್ರೂ ಕಾಯಿಲೆ ಇದ್ಯಾ?" ಎಂದ ಅಂಗಡಿಯವನು.

"ಇಲ್ಲ."

"ಮತ್ತೆ ಡಾಕ್ಟರ್ ಯಾಕೆ?"

ಬೀರು ದುಡ್ಡು ತೆಗೆದುಕೊಟ್ಟ. ಮೂತಿಯನ್ನು ಒತ್ತಿದರೆ ಒಂದಿಷ್ಟು ಮುಲಾಮು ಬರುವ ಬಿಳಿ ಬಾಟಲಿಯೊಂದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಬಂದ. ಬಾಟಲಿಯ ಮೇಲೆ ಹೆಸರಿಲ್ಲ, ಚೀಟಿ ಇಲ್ಲ. ಬೆಳಿಗ್ಗೆ ಸ್ನಾನವಾದ ಮೇಲೆ ಹೆಗಲಿಗೆ ಒಂದು ಒತ್ತು ಹಚ್ಚಿಕೊಳ್ಳಿ ಎಂದಿದ್ದ ಅವನು. ಬೀರು ಹಮಾಲಿಯ ಲೆಕ್ಕ ಹಾಕಿದ: ಮಹಡಿಗೊಂದು ಒತ್ತು. ಮೂರು ಮಹಡಿಗೆ ಮೂರು.

ಕೆಲಸ ಮಾಡಲಿಲ್ಲ ಎನ್ನುವಂತಿಲ್ಲ. ಮಾಡಿತು, ತೊಂದರೆಯಾದದ್ದೇ ಅಲ್ಲಿ. ತಿಂಗಳೊಳಗೆ ಬೀರು ತಿರುವಿನಲ್ಲಿ ನಿಲ್ಲದೆ ಹತ್ತತೊಡಗಿದ. ಮುಖ ಕೆಂಪೇರಿತು, ಮಾತು ಒರಟಾಯಿತು, ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ದೂಡುವಷ್ಟು ಸಿಟ್ಟು ಬಂತು. ಕೂಲಿ ಉಳಿಯಿತಲ್ಲ ಎಂದು ಮನೆಯವರು ಸಹಿಸಿಕೊಂಡರು. ಆ ಶಕ್ತಿ ಎಲ್ಲಿಂದ ಬಂತೆಂದು ಅವನು ಹೇಳಲಿಲ್ಲ, ಅವರು ಕೇಳಲಿಲ್ಲ. ಬಾಟಲಿ ಬಚ್ಚಲಿನ ಅಟ್ಟದ ಮೇಲೆ ಹಳೇ ಬಕೆಟ್ಟಿನ ಹಿಂದೆ ಇತ್ತು.

ಸ್ನಾನ ಮುಗಿಸಿ, ಮುಲಾಮು ಹಚ್ಚಿ, ಬರಿ ಮೈಯಲ್ಲಿ ಹೊರಬಂದ ಕೂಡಲೇ ಬೀರುವಿನ ಎರಡನೇ ಕೆಲಸ ಕೂಸುಮರಿ. ಗುಬ್ಬಿ ನಿದ್ದೆಗಣ್ಣಲ್ಲೇ ಎದ್ದು ಬಂದು ಅಪ್ಪನ ಬೆನ್ನೇರುತ್ತಿದ್ದ, ಅವನ ಮೈಮೇಲೂ ಅಂಗಿ ಇರುತ್ತಿರಲಿಲ್ಲ. ಹೆಗಲ ಮೇಲೆ ಕೆನ್ನೆಯಿಟ್ಟು ಮಲಗಿಬಿಡುತ್ತಿದ್ದ. ಬೀರು ಓಣಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತ, "ಬೀರು ಬೇಕಾ ಬೀರು! ಮೂರು ಬಾಗಿಲಿನ ಬೀರು!" ಎಂದು ಕೂಗುವುದು, ಗುಬ್ಬಿ ಅವನ ಕಿವಿಯ ಹತ್ತಿರದಿಂದ, "ಕನ್ನಡೀನೂ ಇದೆ!" ಎಂದು ಚಿಲಿಪಿಲಿ ದನಿಯಲ್ಲಿ ಸೇರಿಸುವುದು. ಆ ದನಿಯಿಂದಲೇ ಅವನು ಗುಬ್ಬಿಯಾದದ್ದು. ಹಲ್ಲುಜ್ಜುತ್ತ ನಿಂತವರು ನಮಗೆ ಬೇಡಪ್ಪ, ಮನೇಲಿ ಜಾಗ ಇಲ್ಲ ಎನ್ನುತ್ತಿದ್ದರು. ಮಗು ಹುಟ್ಟಿ ಎಂಟು ತಿಂಗಳಾದಾಗಿನಿಂದ ಈ ವ್ಯಾಪಾರ ಒಂದು ದಿನವೂ ತಪ್ಪಿರಲಿಲ್ಲ.

ಮುಲಾಮು ಹಚ್ಚಿದವನು ಕೈ ತೊಳೆಯಬೇಕು, ಮೈ ಮುಚ್ಚಬೇಕು, ಮಕ್ಕಳ ಚರ್ಮ ಅದಕ್ಕೆ ತಾಗಬಾರದು. ಇಷ್ಟನ್ನು ಹೇಳಲು ಬಾಟಲಿಗೆ ಚೀಟಿ ಇರಲಿಲ್ಲ.

ವಾಸನೆಯನ್ನು ಮೊದಲು ಹಿಡಿದವಳು ಮಗಳು. ಹದಿನೇಳರ ಹುಡುಗಿ, ಕಾಲೇಜಿಗೆ ಹೋಗುವವಳು, ಭಾನುವಾರ ಬಟ್ಟೆ ಒಗೆಯುವ ಸರದಿ ಅವಳದು. ಬಕೆಟ್ಟಿನಿಂದ ಒಂದು ಬನಿಯನ್ನು ಎತ್ತಿ, ಅಪ್ಪನದೆಂದು ಒರಟು ಬಟ್ಟೆಯ ರಾಶಿಗೆ ಎಸೆದಳು. ಎಸೆದ ಮೇಲೆ ನೋಡಿದರೆ ಅದು ಅಂಗೈಯಗಲದ್ದು.

"ಅಮ್ಮಾ, ಗುಬ್ಬಿ ಅಪ್ಪನ ಥರ ನಾರ್ತಾನೆ."

"ಆಟ ಆಡ್ತಾನೆ, ಬೆವರ್ತಾನೆ."

"ಮಕ್ಕಳ ಬೆವರಲ್ಲ ಇದು. ಮೂಸಿ ನೋಡು. ಅಪ್ಪ ಬರೋಕ್ಮುಂಚೆನೇ ಅಪ್ಪ ಬಂದ ಹಾಗಿರುತ್ತೆ ಮನೆ."

ಟೈಲರಮ್ಮ ಮೂಸಿದಳು. ಬನಿಯನ್ನನ್ನು ಎರಡು ಸಲ ಸೋಪು ಹಾಕಿ ಒಗೆದಳು. ಮಾರನೇ ದಿನಕ್ಕೆ ವಾಸನೆ ಮತ್ತೆ ಬಂದಿತ್ತು. ಆ ವಾರವೇ ಹುಡುಗನ ಹಣೆಯ ಮೇಲೆ ಮೊಡವೆ ಎದ್ದವು, ಮೊಣಕಾಲ ಕೆಳಗೆ ಕಪ್ಪು ಕೂದಲು ಕಂಡಿತು. ತನ್ನ ಗದ್ದದ ಮೇಲೂ ಎರಡು ಒರಟು ಕೂದಲು ಬಂದದ್ದನ್ನು ಅವಳು ದಾರ ಕತ್ತರಿಸುವ ಕತ್ತರಿಯಲ್ಲೇ ಕತ್ತರಿಸಿಕೊಂಡು, ವಯಸ್ಸಾಯಿತಲ್ಲ ಎಂದು ಸುಮ್ಮನಾಗಿದ್ದಳು.

ಅಜ್ಜಿಯ ಮೊಟ್ಟೆಯ ಗರ್ವ ಇಳಿದದ್ದು ಒಂದು ಮಧ್ಯಾಹ್ನ. ಬಾಗಿಲಿಗೆ ಬೆನ್ನು ಹಾಕಿ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಸೊಸೆ ನೂಲು ತರಲು ಹೋಗಿದ್ದಳು. ಹಿಂದೆ ಯಾರೋ ಕೆಮ್ಮಿದರು.

"ನೀರು ಕೊಡು."

"ಇಷ್ಟು ಬೇಗ ಬಂದ್ಯೇನೋ?" ಎಂದರು ಅಜ್ಜಿ, ತಿರುಗದೆ. "ಕೆಲಸ ಇರ್ಲಿಲ್ವಾ?"

"ಮುಗೀತು."

"ಕೈಕಾಲು ತೊಳ್ಕೋ ಹೋಗು."

"ತೊಳ್ಕೊಂಡೆ."

ಅವರು ಗೊಣಗುತ್ತ ಎದ್ದು, ದೊಡ್ಡ ಚೊಂಬಿನಲ್ಲಿ ನೀರು ತುಂಬಿ, ಮಗನ ಕೈಗೆ ಸಿಗುವ ಎತ್ತರಕ್ಕೆ ಚೊಂಬು ಹಿಡಿದು ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ. ಕಣ್ಣು ಕೆಳಗಿಳಿಸಿದಾಗ, ಅವರ ಎದೆಮಟ್ಟಕ್ಕೆ, ಶಾಲೆಯ ಚೀಲ ಹೊತ್ತು ಗುಬ್ಬಿ ನಿಂತಿದ್ದ. ಎರಡೂ ಕೈಯಲ್ಲಿ ಚೊಂಬು ಇಸಿದುಕೊಂಡು ಗಟಗಟನೆ ಕುಡಿದ. ಕುಡಿಯುವಾಗ ಗಂಟಲು ಮೇಲೆ ಕೆಳಗೆ ಆಡುವುದನ್ನೇ ಅಜ್ಜಿ ನೋಡುತ್ತ ನಿಂತರು. ಅವರಿಗೆ ಹೆದರಿಕೆಯಾಯಿತು. ತಾವೇ ಎತ್ತಿ ಆಡಿಸಿದ ಮೊಮ್ಮಗನಿಗೆ ಹೆದರುವುದೆಂದರೆ ಎಷ್ಟು ನಾಚಿಕೆಗೇಡು ಎಂದು ಯಾರಿಗೂ ಹೇಳಲಿಲ್ಲ. ಆದರೆ ಅಂದಿನಿಂದ ಬಾಗಿಲಿಗೆ ಬೆನ್ನು ಹಾಕಿ ಕೂರುವುದನ್ನು ಬಿಟ್ಟರು.

ಅದೇ ವಾರ ಶಾಲೆಯಿಂದ ಕರೆ ಬಂತು. ಗುಬ್ಬಿ ಪಕ್ಕದ ಹುಡುಗನನ್ನು ಬೆಂಚಿನಿಂದ ತಳ್ಳಿ ಹಲ್ಲು ಮುರಿದಿದ್ದ. ಟೀಚರು ಬೈಯಲು ಕರೆಸಿದವರು ಬೈಯಲಿಲ್ಲ, ದನಿ ತಗ್ಗಿಸಿದರು. ಮಕ್ಕಳು ಇವನ ಹತ್ತಿರ ಕೂರುತ್ತಿಲ್ಲವಂತೆ. ಇವನನ್ನು ಅಂಕಲ್ ಎಂದು ಕರೆಯುತ್ತಾರಂತೆ.

ರಾತ್ರಿಯ ಅಡುಗೆಗೆ ತರಕಾರಿ ಹೆಚ್ಚುತ್ತಲೇ ಜಗಳ ಎದ್ದಿತು. ಡಾಕ್ಟರಿಗೆ ತೋರಿಸಲೇಬೇಕು ಎಂದಳು ಮಗಳು. ಗಂಡು ಹುಡುಗ, ಒಂದು ಏಟು ಹೊಡೆದದ್ದಕ್ಕೆ ಆಸ್ಪತ್ರೆಯಾ ಎಂದು ಬೀರು ಗುಡುಗಿದ. ಅಜ್ಜಿ ಮಗನ ಪರ ನಿಲ್ಲುತ್ತಾರೆಂದು ಎಲ್ಲರೂ ಕಾದರು.

"ಕರ್ಕೊಂಡು ಹೋಗು" ಎಂದರು ಅಜ್ಜಿ, ಸೊಸೆಯ ಕಡೆ ನೋಡಿ. "ನಾಳೆನೇ ಹೋಗು."

ಗುಡುಗಿದ ಬೀರುವೂ ಮರುದಿನ ಜೊತೆಗೆ ಹೋದ, ಮಗಳೂ ಹೊರಟಳು. ಮಕ್ಕಳ ಡಾಕ್ಟರು ಹೆಂಗಸು. ತಲೆ ಬಗ್ಗಿಸಿ ಚೀಟಿ ಬರೆಯುತ್ತಲೇ ವಯಸ್ಸೆಷ್ಟು ಪುಟ್ಟಾ ಎಂದು ಕೇಳಿದರು. "ಐದು" ಎಂದ ಗುಬ್ಬಿ. ದನಿ ಕೇಳಿ ಅವರ ಪೆನ್ನು ನಿಂತಿತು. ಆಮೇಲೆ ಬಹಳ ಹೊತ್ತು ಪರೀಕ್ಷಿಸಿದರು, ಎಡಗೈಯ ಎಕ್ಸ್‌ರೇ ತೆಗೆಸಿದರು, ಅದನ್ನು ಬೆಳಕಿಗೆ ಹಿಡಿದು, ಇದು ಎಂಟು ವರ್ಷದ ಹುಡುಗನ ಮೂಳೆ ಎಂದರು. ಮನೆಯಲ್ಲಿ ಯಾರಾದರೂ ಗಂಡಸ್ತನ ಹೆಚ್ಚಿಸುವ ಮಾತ್ರೆ, ಪುಡಿ, ಮುಲಾಮು ಬಳಸ್ತೀರಾ ಎಂದು ಕೇಳಿದರು.

ಬೀರು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತ, "ಇಲ್ಲ" ಎಂದ.

ಅವನು ಕೆಟ್ಟವನಲ್ಲ. ತಾನು ಹಚ್ಚಿಕೊಂಡದ್ದು ತನ್ನ ಮೈಗೆ, ಅದಕ್ಕೂ ಮಗುವಿಗೂ ಏನು ಸಂಬಂಧ ಎಂದೇ ನಂಬಿದ್ದ. ಹೆಂಡತಿಯ ಎದುರು, ಅದೂ ಹೆಂಗಸು ಡಾಕ್ಟರ ಎದುರು, ನನ್ನ ಶಕ್ತಿ ಬಾಟಲಿಯಿಂದ ಬಂದದ್ದು ಎನ್ನಲು ನಾಲಿಗೆ ಏಳಲಿಲ್ಲ. ಡಾಕ್ಟರು ಹಾಗಿದ್ದರೆ ಹೊಟ್ಟೆಯೊಳಗೆ ಗಡ್ಡೆ ಇರಬಹುದು, ಇದ್ದರೆ ಆಪರೇಷನ್ ಎಂದರು. ರಕ್ತ ತೆಗೆಸಿದರು, ಸ್ಕ್ಯಾನಿಗೆ ಬರೆದುಕೊಟ್ಟರು. ಬೀರು ಮಗನನ್ನು ಎತ್ತಿಕೊಂಡೇ ಮನೆಗೆ ಬಂದ.

ಉತ್ತರ ಬರಲು ಒಂಬತ್ತು ದಿನ ಹಿಡಿಯಿತು. ಆ ದಿನಗಳಲ್ಲಿ ಟೈಲರಮ್ಮ ಒಂದೇ ಅಂಗಿಗೆ ಎರಡು ಎಡತೋಳು ಹೊಲಿದಳು. ಗುಬ್ಬಿ ಕನ್ನಡಿಯ ಮುಂದೆ ನಿಂತು ತುಟಿಯ ಮೇಲೆ ಬೆರಳಾಡಿಸುವುದು ಕಂಡರೆ ಮಗಳು ಕನ್ನಡಿಯನ್ನು ಗೋಡೆಗೆ ತಿರುಗಿಸಿಡುತ್ತಿದ್ದಳು. ಬೀರು ಮಾತ್ರ ಎಂದಿನಂತೆ ಬೆಳಿಗ್ಗೆ ಮೂರು ಒತ್ತು ಹಚ್ಚಿ, ಮಗನಿಗೆ ಧೈರ್ಯ ಬರಲೆಂದು ಎಂದಿಗಿಂತ ಹೆಚ್ಚು ಹೊತ್ತು ಕೂಸುಮರಿ ಆಡಿಸಿದ. ಅಪ್ಪನ ಕೂಗಿಗೆ ಹೆಗಲ ಮೇಲಿನಿಂದ ಬರುತ್ತಿದ್ದ ದಪ್ಪ ದನಿಗೆ ಓಣಿಯವರು ಈಗ ನಮಗೆ ಬೇಡಪ್ಪ ಎನ್ನುತ್ತಿರಲಿಲ್ಲ. ಹಲ್ಲುಜ್ಜುವವರು ಒಳಗೆ ಹೋಗಿಬಿಡುತ್ತಿದ್ದರು.

"ಗಡ್ಡೆ ಇಲ್ಲ" ಎಂದರು ಡಾಕ್ಟರು ಹತ್ತನೇ ದಿನ, ಗಂಡ ಹೆಂಡತಿ ಮಗಳು ಮೂವರನ್ನೂ ಕೂರಿಸಿ. ಟೈಲರಮ್ಮ ಸೆರಗಿನಿಂದ ಮುಖ ಒತ್ತಿಕೊಂಡಳು. "ಆದ್ರೆ ರಕ್ತದಲ್ಲಿರೋದು ಮಗುವಿನದ್ದಲ್ಲ. ಬೆಳೆದ ಗಂಡಸಿನಲ್ಲಿರೋ ಅಷ್ಟು ಹಾರ್ಮೋನ್ ಇದೆ. ಇವನ ಮೈ ಅದನ್ನ ಮಾಡ್ತಿಲ್ಲ. ಹೊರಗಿಂದ ಬರ್ತಿದೆ. ಎಲ್ಲಿಂದ ಅಂತ ನೀವೇ ಹೇಳಬೇಕು."

ಡಬ್ಬದಂಗಡಿಯವನು ರಕ್ತಕ್ಕೆ ತುಂಬಬೇಕು ಎಂದದ್ದು ಬೀರುವಿಗೆ ನೆನಪಾಯಿತು. ತುಂಬಿತ್ತು, ಎಲ್ಲಿ ತುಂಬಿತ್ತು ಎಂಬುದು ಈಗ ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ. ಗೊತ್ತಾಗದಿದ್ದರೆ ದೊಡ್ಡಾಸ್ಪತ್ರೆಯಲ್ಲಿ ಮಲಗಿಸಿ ಇನ್ನಷ್ಟು ಪರೀಕ್ಷೆ ಮಾಡಬೇಕಾಗುತ್ತದೆ ಎಂದು ಡಾಕ್ಟರು ಹೇಳುವಾಗಲೂ ಅವನು ಫ್ಯಾನನ್ನೇ ನೋಡುತ್ತಿದ್ದ.

ಮನೆಗೆ ಬಂದಾಗ ಗುಬ್ಬಿ ಅಜ್ಜಿಯ ಬಳಿಯಿಂದ ಓಡಿ ಬಂದ. ಎರಡೂ ಕೈ ಮೇಲೆತ್ತಿ, "ಕೂಸುಮರಿ" ಎಂದ.

ಬೀರು ಹಿಂದೆ ಸರಿದ.

ಒಂದೇ ಹೆಜ್ಜೆ. ಬೆನ್ನು ಬಾಗಿಲಿಗೆ ತಾಗಿತು. "ಮುಟ್ಟಬೇಡ" ಎಂದ. ಐದು ವರ್ಷದಲ್ಲಿ ಆ ಮಾತು ಅವನ ಬಾಯಿಂದ ಬಂದಿರಲಿಲ್ಲ. ಹುಡುಗ ಕೈ ಎತ್ತಿದಂತೆಯೇ ನಿಂತ. ಟೈಲರಮ್ಮ ಚಪ್ಪಲಿ ಬಿಡುತ್ತಿದ್ದವಳು ಗಂಡನ ಮುಖ ನೋಡಿದಳು, ಅವನ ಹೆಗಲು ನೋಡಿದಳು, ಮಗನ ಕೆನ್ನೆ ನೋಡಿದಳು. ಅಳತೆ ತೆಗೆಯುವವಳ ಕಣ್ಣು ಅದು.

"ಹೆಗಲಿಗೆ ಏನು ಹಚ್ತೀರಿ?"

"ಏನಿಲ್ಲ ಕಣೆ."

"ಏನು ಹಚ್ತೀರಿ ಅಂದೆ."

ಅವನು ಬಚ್ಚಲಿಗೆ ಹೋಗಿ ಬಾಟಲಿ ತಂದು ಮಷಿನ್ನಿನ ಮೇಲಿಟ್ಟ. ನಿಂತಲ್ಲೇ ಎಲ್ಲ ಹೇಳಿದ: ಮಹಡಿಯ ತಿರುವು, ಲೋಟ ಸುತ್ತುವ ಕೆಲಸ, ಮೂರು ಒತ್ತು. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು.

"ಡಾಕ್ಟರ್ ಎರಡು ಸಲ ಕೇಳಿದ್ರಲ್ಲಪ್ಪ" ಎಂದಳು ಮಗಳು.

"ನಾಚಿಕೆ ಆಯ್ತು."

"ನಿಮ್ಮ ನಾಚಿಕೆಗೆ ನನ್ನ ಮಗುವಿನ ಹೊಟ್ಟೆ ಕುಯ್ಯಿಸ್ತಿದ್ರಾ?" ಎಂದಳು ಟೈಲರಮ್ಮ. ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಕುಯ್ಯಿಸುತ್ತಿದ್ದೆನೋ ಇಲ್ಲವೋ, ಅದು ಬೀರುವಿಗೇ ಗೊತ್ತಿರಲಿಲ್ಲ. ಅಜ್ಜಿ ಗುಬ್ಬಿಯನ್ನು ಬಚ್ಚಲಿಗೆ ಕರೆದೊಯ್ದು ಸೋಪು ಹಚ್ಚಿ ಕೆನ್ನೆ, ಎದೆ, ಕೈಯನ್ನೆಲ್ಲ ಉಜ್ಜತೊಡಗಿದರು. ಉರಿ ಅಜ್ಜಿ, ಉರಿ ಎಂದು ಅವನು ಆ ದಪ್ಪ ದನಿಯಲ್ಲಿ ಅಳುವುದು ಮುಂದಿನ ಕೋಣೆಗೆ ಕೇಳುತ್ತಿತ್ತು. ದೊಡ್ಡ ಗಂಡಸೊಬ್ಬ ಬಚ್ಚಲಲ್ಲಿ ಕೂತು ಅಳುವಂತಿತ್ತು. ಬೀರು ಕಿವಿ ಮುಚ್ಚಿಕೊಂಡ.

ಟೈಲರಮ್ಮ ಬಾಟಲಿಯನ್ನು ಬರಿಗೈಯಲ್ಲಿ ಮುಟ್ಟದೆ ಮೂರು ಸುತ್ತು ಚಿಂದಿಬಟ್ಟೆಯಲ್ಲಿ ಕಟ್ಟಿ ಮರುದಿನ ಡಾಕ್ಟರ ಮೇಜಿನ ಮೇಲಿಟ್ಟಳು. ಅವರು ಬೈಯುವಷ್ಟು ಬೈದು, ಬೀರುವನ್ನೂ ಬೇರೆ ಡಾಕ್ಟರಲ್ಲಿಗೆ ಕಳಿಸಿದರು. ಅವನ ರಕ್ತ ದಪ್ಪಗಾಗಿತ್ತು, ಬಿ.ಪಿ. ಏರಿತ್ತು, ಹೊರಗಿನದು ಬರುತ್ತಿದ್ದುದರಿಂದ ಅವನ ಮೈ ತನ್ನದನ್ನು ಮಾಡುವುದನ್ನೇ ಬಿಟ್ಟಿತ್ತು. ಗುಬ್ಬಿಯ ಮೊಡವೆ, ವಾಸನೆ, ಸಿಟ್ಟು ಮೆಲ್ಲಗೆ ಇಳಿಯುತ್ತವೆ ಎಂದರು ಡಾಕ್ಟರು. ಟೈಲರಮ್ಮನ ಗದ್ದವನ್ನೂ ಒಮ್ಮೆ ದಿಟ್ಟಿಸಿ, ಅದೂ ನಿಲ್ಲುತ್ತದೆ ಎಂದರು.

"ದನಿ?"

"ಸ್ವಲ್ಪ ಹಗುರ ಆಗಬಹುದು. ಮೊದಲಿನ ಹಾಗೆ ಆಗುತ್ತೆ ಅಂತ ಹೇಳಲಾರೆ."

"ಎತ್ತರ?"

ಡಾಕ್ಟರು ಎಕ್ಸ್‌ರೇ ತೋರಿಸಿ ಬಿಡಿಸಿ ಹೇಳಿದರು. ಮೂಳೆ ಅವಸರದಲ್ಲಿ ಹಣ್ಣಾಗುತ್ತಿದೆ. ಈಗ ತರಗತಿಗೆಲ್ಲ ಎತ್ತರದವನು ಇವನೇ. ಆದರೆ ಇದು ಹೀಗೇ ಓಡಿದರೆ ಬೆಳವಣಿಗೆ ಬೇಗ ಮುಗಿದು, ದೊಡ್ಡವನಾದಾಗ ಎಲ್ಲರಿಗಿಂತ ಗಿಡ್ಡನಾಗಿ ಉಳಿಯಬಹುದು. ಈಗ ನಿಧಾನವಾದಷ್ಟೂ ಒಳ್ಳೆಯದು.

"ಮುಂದಕ್ಕೆ ಇರಲಿ ಅಂತ ಒಳಗೆ ಮಡಚಿಟ್ಟಿದ್ದನ್ನೆಲ್ಲ ಒಂದೇ ಸಲ ಬಿಚ್ಚಿಬಿಟ್ವಿ" ಎಂದಳು ಟೈಲರಮ್ಮ. ಡಾಕ್ಟರಿಗೆ ಅರ್ಥವಾಗಲಿಲ್ಲ. ಬೀರುವಿಗೆ ಆಯಿತು.

ಅವನು ಪ್ಯಾಕಿಂಗಿಗೆ ಹೋದ. ಮುಲಾಮು ನಿಂತ ಮೂರನೇ ವಾರಕ್ಕೆ ನೀರಿನ ಕೊಡ ಎತ್ತಿದರೂ ಏದುಸಿರು ಬರುತ್ತಿತ್ತು. ಹಮಾಲಿಗಳು ಮಹಡಿ ಹತ್ತುವ ಸದ್ದು ಕೇಳುತ್ತ, ಹೆಂಗಸರ ನಡುವೆ ಕೂತು ಲೋಟಗಳಿಗೆ ಪೇಪರ್ ಸುತ್ತುತ್ತಿದ್ದ. ಮನೆಯಲ್ಲಿ ಕತ್ತಿನವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿಯಲ್ಲೇ ಇರುತ್ತಿದ್ದ. ಇನ್ನು ಅಪಾಯವಿಲ್ಲ ಎಂದು ಡಾಕ್ಟರು ಹೇಳಿದರೂ ಮಗನನ್ನು ಮುಟ್ಟಲು ಕೈ ಬರುತ್ತಿರಲಿಲ್ಲ.

ಗುಬ್ಬಿ ಇದಕ್ಕೆ ತನ್ನದೇ ಅರ್ಥ ಕಟ್ಟಿಕೊಂಡಿದ್ದ. ಅವನು ಮೊಟ್ಟೆ ಬಿಟ್ಟ, ಹಾಲು ಬಿಟ್ಟ, ಅನ್ನವನ್ನು ತಟ್ಟೆಯಂಚಿಗೆ ತಳ್ಳತೊಡಗಿದ. ಅಜ್ಜಿ ಗದರಿದರು, ಮಗಳು ಮುದ್ದು ಮಾಡಿದಳು. ನಾಲ್ಕನೇ ದಿನ ಕೊನೆಗೂ ಕಾರಣ ಹೇಳಿದ.

"ಭಾರ ಆಗಿಬಿಟ್ಟಿದೀನಿ ನಾನು. ಅಪ್ಪನಿಗೆ ಎತ್ತೋಕೆ ಆಗಲ್ಲ."

ತುತ್ತು ಬಾಯಿಯ ಹತ್ತಿರ ಹಿಡಿದಿದ್ದ ಬೀರು ಅದನ್ನು ತಟ್ಟೆಗೆ ಹಾಕಿ ಎದ್ದುಹೋದ.

ಭಾನುವಾರ ಬೆಳಿಗ್ಗೆ ಟೈಲರಮ್ಮ ಗುಬ್ಬಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಟೇಪು ಹಿಡಿದಳು. ಪ್ರತಿ ವಾರವೂ ಈಗ ಇದೊಂದು ಕೆಲಸ. ಅಜ್ಜಿ ಬಾಗಿಲಲ್ಲಿ, ಮಗಳು ಮಷಿನ್ನಿನ ಹತ್ತಿರ, ಬೀರು ಎಲ್ಲರಿಗಿಂತ ಹಿಂದೆ. ನಲವತ್ತಾರೂಕಾಲು ಇಂಚು. ಅವಳು ಟೇಪು ತೆಗೆದು ಮತ್ತೆ ಹಿಡಿದಳು. ನಲವತ್ತಾರೂಕಾಲು. ಹೋದ ವಾರವೂ ಅಷ್ಟೇ, ಅದರ ಹಿಂದಿನ ಮೂರು ವಾರವೂ ಅಷ್ಟೇ.

"ಒಂದು ತಿಂಗಳಿಂದ ಬೆಳೆದಿಲ್ಲ" ಎಂದಳು. ಅಜ್ಜಿ ಕೈ ಮುಗಿದರು. ಮಗಳು ತಮ್ಮನನ್ನು ತಬ್ಬಿಕೊಂಡಳು. ಮಗು ಬೆಳೆದಿಲ್ಲವೆಂದು ಮನೆಯವರೆಲ್ಲ ಕಣ್ಣೊರೆಸಿಕೊಂಡು ನಗುವುದನ್ನು ಹೊರಗಿನವರು ನೋಡಿದ್ದರೆ ಇವರಿಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಿದ್ದರು.

ಗುಬ್ಬಿ ಮಾತ್ರ ಅಪ್ಪನ ಕಡೆ ನೋಡಿದ. "ಹಾಗಾದ್ರೆ ಕೂಸುಮರಿ?"

ಬೀರು ಹೆಂಡತಿಯ ಮುಖ ನೋಡಿದ. ಅವಳು ಹೂಂ ಎಂದು ತಲೆಯಾಡಿಸಿದಳು. ಅವನು ಅಂಗಿಯ ಗುಂಡಿಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡು ಮೊಣಕಾಲೂರಿದ. ಹುಡುಗ ಬೆನ್ನೇರಿದ. ಏಳುವಾಗ ಬೀರುವಿನ ಕಾಲು ಹೊಸಿಲ ಹತ್ತಿರ ನಡುಗಿತು, ಗೋಡೆ ಹಿಡಿದುಕೊಂಡ, ಎದ್ದ. ಓಣಿಗಿಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಉಸಿರು ಕಟ್ಟಿತು. ಕೂಗಲು ಬಾಯಿ ತೆರೆದರೆ ದನಿ ಹೊರಡಲಿಲ್ಲ.

ಅಪ್ಪನಿಗೆ ಮಾತು ಮರೆತಿದೆ ಎಂದುಕೊಂಡ ಗುಬ್ಬಿ. ಹೆಗಲ ಮೇಲೆ ಗದ್ದವೂರಿ ತಾನೇ ಕೂಗಿದ.

"ಬೀರು ಬೇಕಾ ಬೀರು! ಮೂರು ಬಾಗಿಲಿನ ಬೀರು!"

ಎದುರು ಮನೆಯವರು ಜಗಲಿಯ ಮೇಲೆ ಬಗ್ಗಿ ಕೂತು ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಏನ್ ಬೀರು, ಬಹಳ ದಿನ ಆಯ್ತಲ್ಲಪ್ಪ ನಿನ್ನ ದನಿ ಕೇಳಿ" ಎಂದರು. "ಮಗ ಎಲ್ಲಿ, ಇವತ್ತು ಬರಲಿಲ್ವಾ?"

ಬೀರು ಮಗನ ಕಾಲುಗಳನ್ನು ಬಿಗಿಯಾಗಿ ಹಿಡಿದುಕೊಂಡು ಓಣಿಯ ತುದಿಯವರೆಗೂ ನಡೆದ.